ಅಂಕೆ ತಪ್ಪಿದ ಕಾರ್ಟಿಸಾಲ್

ಕಾರ್ಟಿಸಾಲ್ ಅತಿಯಾದವರ ಚಹರೆಯನ್ನು ವೈದ್ಯಕೀಯ ಪುಸ್ತಕಗಳು ಬಲು ವಿವರವಾಗಿ ವರ್ಣಿಸುತ್ತವೆ: ಊದಿಕೊಂಡ ದುಂಡು ಮುಖ, ಕೆಂಪೇರಿದ ಕೆನ್ನೆ, ಕತ್ತಿನ ಹಿಂದೆ ಕೊಬ್ಬಿನ ಗುಡ್ಡೆ, ದಪ್ಪ ಹೊಟ್ಟೆ, ಸಣಕಲು ಕೈಕಾಲು. ಈ ಚಹರೆ ಹೊತ್ತು ಆಸ್ಪತ್ರೆಗೆ ಬರುವ ಎಷ್ಟೋ ಜನರ ರಕ್ತದಲ್ಲಿ ಕಾರ್ಟಿಸಾಲ್ ಅಳೆದು ನೋಡಿದರೆ ಸಿಗುವುದು ಅತಿ ಕಡಿಮೆ, ಕೆಲವೊಮ್ಮೆ ಹೆಚ್ಚುಕಡಿಮೆ ಸೊನ್ನೆ. ಲ್ಯಾಬಿನವರು ತಪ್ಪು ಮಾಡಿಲ್ಲ. ಇವರ ಮೈಯಲ್ಲಿ ಕೆಲಸ ಮಾಡುತ್ತಿರುವುದು ಮೆಡಿಕಲ್ ಶಾಪಿನಿಂದ ಬಂದ ಕೃತಕ ಸ್ಟಿರಾಯ್ಡ್. ಅದರ ಅಬ್ಬರಕ್ಕೆ ಸ್ವಂತ ಗ್ರಂಥಿ ಕೆಲಸ ನಿಲ್ಲಿಸಿ ಕುಳಿತಿದೆ. ಗ್ರಂಥಿಯೇ ಕೆಟ್ಟು ಕಾರ್ಟಿಸಾಲ್ ಉಕ್ಕಿಸುವವರು ಬೇರೆ ಇದ್ದಾರೆ. ಅವರು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಎರಡು ಮೂರು ಮಂದಿ ಮಾತ್ರ. ಪುಸ್ತಕಗಳ ಬಹುಪಾಲು ಪುಟಗಳು ಈ ಎರಡನೆಯವರಿಗೇ ಮೀಸಲು. ಅದಕ್ಕೆ ಕಾರಣವೂ ಇದೆ. ಅವರಿಂದಲೇ ಈ ಹಾರ್ಮೋನಿನ ಗುಟ್ಟು ನಮಗೆ ತಿಳಿದದ್ದು.

ಅಡ್ರಿನಲ್ ಗ್ರಂಥಿಗಳು ಎರಡು. ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು, ತೂಕ ತಲಾ ನಾಲ್ಕೈದು ಗ್ರಾಂ. ಇಟಲಿಯ ಬಾರ್ತೊಲೊಮಿಯೊ ಯೂಸ್ಟಾಕಿ 1563ರಲ್ಲೇ ಇವನ್ನು ಕಂಡು ವರ್ಣಿಸಿದ. ಆದರೆ ಇವು ಇರುವುದು ಯಾತಕ್ಕೆ ಎಂಬುದು ಮುಂದಿನ ಮುನ್ನೂರು ವರ್ಷ ಯಾರಿಗೂ ಹೊಳೆಯಲಿಲ್ಲ. 1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ ಒಂದು ಪುಟ್ಟ ಪುಸ್ತಕ ತಂದ. ದಿನೇ ದಿನೇ ನಿತ್ರಾಣರಾಗಿ, ಮೈ ಕಪ್ಪಿಟ್ಟು ಸತ್ತ ಕೆಲವು ರೋಗಿಗಳ ಅಡ್ರಿನಲ್ ಗ್ರಂಥಿಗಳು ಹಾಳಾಗಿದ್ದುದನ್ನು ಅದರಲ್ಲಿ ದಾಖಲಿಸಿದ್ದ. ಮರುವರ್ಷವೇ ಪ್ಯಾರಿಸ್ಸಿನಲ್ಲಿ ಬ್ರೌನ್-ಸೆಕಾರ್ ಪ್ರಾಣಿಗಳಲ್ಲಿ ಎರಡೂ ಗ್ರಂಥಿಗಳನ್ನು ತೆಗೆದು ನೋಡಿದ, ಒಂದೂ ಬದುಕಲಿಲ್ಲ. ಗ್ರಂಥಿ ಸಣ್ಣದಾದರೂ ಅದಿಲ್ಲದೆ ಜೀವ ನಿಲ್ಲದು ಎಂಬುದು ಅಂದಿಗೆ ಖಚಿತವಾಯಿತು. ಅಡಿಸನ್ ಕಂಡ ರೋಗಿಗಳಲ್ಲಿ ಹಲವರ ಗ್ರಂಥಿಯನ್ನು ತಿಂದಿದ್ದು ಕ್ಷಯ. ನಮ್ಮ ದೇಶದಲ್ಲಿ ಇವತ್ತಿಗೂ ಅಡಿಸನ್ ಕಾಯಿಲೆ ಎಂದೊಡನೆ ವೈದ್ಯರು ಕ್ಷಯವನ್ನು ಮೊದಲು ಹುಡುಕುತ್ತಾರೆ.

ಗ್ರಂಥಿಯನ್ನು ಅಡ್ಡಲಾಗಿ ಸೀಳಿದರೆ ಹೊರಗೆ ಹಳದಿ ತೊಗಟೆ, ಒಳಗೆ ಕಂದು ತಿರುಳು. ಎರಡೂ ಹುಟ್ಟಿನಿಂದಲೇ ಬೇರೆ ಬೇರೆ. ಒಂದೇ ಮನೆಯಲ್ಲಿ ವಾಸ, ಅಷ್ಟೆ. ತಿರುಳು ನರಮಂಡಲದ ಸಂತಾನ. ಅಡ್ರಿನಲಿನ್, ನಾರಡ್ರಿನಲಿನ್ ಸುರಿಯುವುದು ಅದೇ. ಜಪಾನಿನ ಜೋಕಿಚಿ ತಾಕಾಮಿನೆ 1901ರ ಹೊತ್ತಿಗೆ ಅಡ್ರಿನಲಿನ್ನನ್ನು ಶುದ್ಧವಾಗಿ ಬೇರ್ಪಡಿಸಿದ, ಹೆಸರು ಪ್ರಪಂಚವಿಡೀ ಹಬ್ಬಿತು. ಎದೆ ಡವಗುಟ್ಟಿದರೆ, ಕೈ ಬೆವರಿದರೆ ಅಡ್ರಿನಲಿನ್ ಎನ್ನುವುದು ಇವತ್ತು ಕ್ರಿಕೆಟ್ ವೀಕ್ಷಕ ವಿವರಣೆಗಾರರಿಗೂ ಗೊತ್ತು. ಹೆಸರೆಲ್ಲ ತಿರುಳಿಗೆ ಸಂದಿತಾದರೂ ತಿರುಳಿಲ್ಲದೆ ಮನುಷ್ಯ ಬದುಕಬಲ್ಲ, ತೊಗಟೆಯಿಲ್ಲದೆ ಬದುಕಲಾರ.

ತೊಗಟೆಯಲ್ಲಿ ಮೂರು ಪದರ. ಹೊರ ಪದರದ ಆಲ್ಡೊಸ್ಟೆರೋನ್ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಶಿಯಂ ಹೊರಹಾಕುತ್ತದೆ. ಅದು ಅತಿಯಾದರೆ ಬರುವ ರಕ್ತದೊತ್ತಡವನ್ನು 1955ರಲ್ಲಿ ಅಮೆರಿಕದ ಜೆರೋಮ್ ಕಾನ್ ಗುರುತಿಸಿದ. ಒಳ ಪದರ ಪುರುಷ ಹಾರ್ಮೋನುಗಳ ಕಚ್ಚಾ ಸರಕನ್ನು ಗಂಡು ಹೆಣ್ಣು ಎನ್ನದೆ ಎಲ್ಲರಲ್ಲೂ ತಯಾರಿಸುತ್ತದೆ. ನಡುವಿನ ಪದರವೇ ಎಲ್ಲಕ್ಕಿಂತ ದಪ್ಪ. ಕಾರ್ಟಿಸಾಲ್ ಅಲ್ಲಿನ ಉತ್ಪನ್ನ, ಮೂಲ ಸಾಮಗ್ರಿ ಕೊಲೆಸ್ಟೆರಾಲ್. ದಿನಕ್ಕೆ ತಯಾರಾಗುವುದು ಸುಮಾರು 10ರಿಂದ 20 ಮಿಲಿಗ್ರಾಂ.

ಇಷ್ಟರಿಂದ ನಡೆಯುವ ಕೆಲಸವೋ ಬೆಟ್ಟದಷ್ಟು. ಉಪವಾಸವಿದ್ದಾಗ ಸ್ನಾಯುವಿನ ಪ್ರೋಟೀನ್ ಒಡೆದು ಲಿವರಿನಲ್ಲಿ ಸಕ್ಕರೆ ಮಾಡಿಸುವುದು, ರಕ್ತನಾಳಗಳು ಬಿಗಿ ಕಳೆದುಕೊಳ್ಳದಂತೆ ಕಾಯುವುದು, ಉರಿಯೂತವನ್ನು ಹದ್ದುಬಸ್ತಿನಲ್ಲಿಡುವುದು, ಬೆಳಗ್ಗೆ ಎಬ್ಬಿಸಿ ಕೂರಿಸುವುದು. ಜ್ವರ, ಪೆಟ್ಟು, ಆಪರೇಷನ್ ಬಂದರೆ ಉತ್ಪಾದನೆ ಹಲವು ಪಟ್ಟು ಏರುತ್ತದೆ. ಸಾಮಾಜಿಕ ಜಾಲತಾಣಗಳಲ್ಲಿ ಕಾರ್ಟಿಸಾಲ್ ಈಗ ದೊಡ್ಡ ಖಳನಾಯಕ, ಆದರೆ ಆ ಖಳನಿಲ್ಲದ ದೇಹ ಒಂದು ವಾಂತಿಭೇದಿಗೇ ನೆಲಕಚ್ಚುತ್ತದೆ.

ಇಂತಹ ಹಾರ್ಮೋನನ್ನು ದೇಹ ಸಡಿಲ ಬಿಡುವುದಿಲ್ಲ. ಮಿದುಳಿನ ಹೈಪೊಥಲಾಮಸ್ ಸಿಆರ್‌ಎಚ್ ಎಂಬ ಸಂದೇಶ ಕಳಿಸುತ್ತದೆ. ಕೆಳಗಿರುವ ಪಿಟ್ಯುಟರಿ ಗ್ರಂಥಿ ಅದನ್ನು ಕೇಳಿ ಎಸಿಟಿಎಚ್ ಬಿಡುತ್ತದೆ. ಎಸಿಟಿಎಚ್ ರಕ್ತದಲ್ಲಿ ಹರಿದು ಬಂದು ಅಡ್ರಿನಲ್ಲಿಗೆ ಅಪ್ಪಣೆ ಕೊಡುತ್ತದೆ. ಕಾರ್ಟಿಸಾಲ್ ಸಾಕಷ್ಟಾದ ಕೂಡಲೇ ಅದೇ ಮೇಲಕ್ಕೆ ಹೋಗಿ ಇಬ್ಬರನ್ನೂ ಸುಮ್ಮನಾಗಿಸುತ್ತದೆ. ಜತೆಗೆ ಒಂದು ದಿನಚರಿ ಇದೆ. ಬೆಳಗಿನ ಜಾವ ಏರತೊಡಗಿ ಏಳೆಂಟು ಗಂಟೆಗೆ ಶಿಖರ ಮುಟ್ಟುವ ಕಾರ್ಟಿಸಾಲ್ ಸಂಜೆಗೆ ಇಳಿದು ನಡುರಾತ್ರಿ ತಳ ಸೇರುತ್ತದೆ. ಈ ಅಂಕೆ ಮತ್ತು ಈ ದಿನಚರಿ, ಎರಡನ್ನೂ ನೆನಪಿನಲ್ಲಿಟ್ಟುಕೊಂಡರೆ ಮುಂದಿನ ರೋಗ, ಪರೀಕ್ಷೆ, ಚಿಕಿತ್ಸೆ ಎಲ್ಲವೂ ಸರಾಗವಾಗಿ ಬಿಚ್ಚಿಕೊಳ್ಳುತ್ತವೆ. ಕಾರ್ಟಿಸಾಲ್ ಕಾಯಿಲೆಗಳಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟಿದೆ ಎಂಬುದಕ್ಕಿಂತ ಯಾರ ಮಾತು ಕೇಳುತ್ತಿದೆ ಎಂಬುದು.

ನಡುವೆ ಜ್ಯೇಷ್ಠಮಧುವಿನ ಮಾತೊಂದನ್ನು ಹೇಳಿಬಿಡುತ್ತೇನೆ. ಕಾರ್ಟಿಸಾಲ್ ಬಯಸಿದರೆ ಆಲ್ಡೊಸ್ಟೆರೋನಿನ ಬೀಗಕ್ಕೂ ಕೀಲಿಯಾಗಬಲ್ಲದು. ಹಾಗಾಗದಂತೆ ಕಿಡ್ನಿಯಲ್ಲಿ ಒಂದು ಕಿಣ್ವ ಅದನ್ನು ನಿಷ್ಕ್ರಿಯ ಕಾರ್ಟಿಸೋನ್ ಆಗಿ ಮಾರ್ಪಡಿಸುತ್ತಿರುತ್ತದೆ. ಜ್ಯೇಷ್ಠಮಧುವಿನ ಸಿಹಿ ಅಂಶ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಕೆಮ್ಮಿಗೆ ನಾಲ್ಕು ದಿನ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ಏನೂ ಆಗದು. ವಾರಗಟ್ಟಲೆ ಚಮಚ ಚಮಚ ಪುಡಿ ಸೇವಿಸಿದವರಲ್ಲಿ ಬಿ.ಪಿ. ಏರುವುದು, ಪೊಟ್ಯಾಶಿಯಂ ಕುಸಿದು ಕಾಲು ಸೋಲುವುದು ದಾಖಲಾಗಿದೆ. ಇವರ ಕಾರ್ಟಿಸಾಲ್ ಪ್ರಮಾಣ ಸರಿಯಾಗಿಯೇ ಇರುತ್ತದೆ, ಆದರೂ ಅದು ಸಲ್ಲದ ಕಡೆ ಕೆಲಸ ಮಾಡುತ್ತಿರುತ್ತದೆ.

ಅತಿಯಾದ ಕಾರ್ಟಿಸಾಲಿನ ಕಾಯಿಲೆಗೆ ಹೆಸರು ಕೊಟ್ಟವನು ಹಾರ್ವಿ ಕುಶಿಂಗ್, ಅಮೆರಿಕದ ನರಶಸ್ತ್ರತಜ್ಞ. ಬರವಣಿಗೆಯಲ್ಲೂ ಗಟ್ಟಿಗ, ತನ್ನ ಹಿರಿಯ ಸಹೋದ್ಯೋಗಿ ವಿಲಿಯಂ ಆಸ್ಲರನ ಜೀವನಚರಿತ್ರೆಗೆ ಪುಲಿಟ್ಜರ್ ಪ್ರಶಸ್ತಿ ಪಡೆದವನು. 1912ರಲ್ಲಿ ಬಂದ ಅವನ ಪಿಟ್ಯುಟರಿ ಗ್ರಂಥಿಯ ಪುಸ್ತಕದಲ್ಲಿ 23 ವರ್ಷದ ಒಬ್ಬ ತರುಣಿಯ ವಿವರವಿದೆ. ಮುಟ್ಟು ನಿಂತಿತ್ತು, ಮುಖ ಹೊಟ್ಟೆ ಊದಿತ್ತು, ಮೈಮೇಲೆ ಕೂದಲು, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆ, ತಲೆನೋವು, ಬೆನ್ನುನೋವು. ಯಾವ ಗ್ರಂಥಿಯ ತಪ್ಪು ಎಂದು ಕುಶಿಂಗ್‌ಗೆ ಹೇಳಲಾಗಲಿಲ್ಲ. ಹಲವು ಗ್ರಂಥಿಗಳ ಕೂಟರೋಗ ಎಂದು ಬರೆದು, ಪ್ರಶ್ನೆಯನ್ನು ತೆರೆದೇ ಇಟ್ಟ. ಇಪ್ಪತ್ತು ವರ್ಷದ ಬಳಿಕ, 1932ರಲ್ಲಿ, ಅಂಥದೇ 12 ಪ್ರಕರಣಗಳನ್ನು ಕಲೆಹಾಕಿ, ಪಿಟ್ಯುಟರಿಯಲ್ಲಿನ ಅತಿ ಸಣ್ಣ ಗಡ್ಡೆಯೇ ಇದಕ್ಕೆಲ್ಲ ಮೂಲ ಎಂದು ವಾದಿಸಿದ. ಆಗಿನ್ನೂ ಕಾರ್ಟಿಸಾಲ್ ಎಂಬ ವಸ್ತುವನ್ನೇ ಯಾರೂ ಬೇರ್ಪಡಿಸಿರಲಿಲ್ಲ! ಹಾರ್ಮೋನ್ ಕಾಣದೆ, ಅದನ್ನು ಅಳೆಯುವ ದಾರಿಯಿಲ್ಲದೆ, ಬರೀ ರೋಗಿಗಳ ಮೈ ಮತ್ತು ಶವಪರೀಕ್ಷೆಯ ಟಿಪ್ಪಣಿಗಳಿಂದ ಕಟ್ಟಿದ ಊಹೆ ಅದು. ವೈದ್ಯಕೀಯದಲ್ಲಿ ನನಗೆ ಅತ್ಯಂತ ಇಷ್ಟವಾದ ತರ್ಕಗಳಲ್ಲಿ ಇದೊಂದು.

ಆಕ್ಷೇಪಗಳು ಬಂದವು. 1936ರಲ್ಲಿ ಮೇಯೊ ಕ್ಲಿನಿಕ್ಕಿನ ಕಾಸ್ಟೆಲ್ಲೊ ಪಿಟ್ಯುಟರಿ ಕಾಯಿಲೆಯ ಸುಳಿವೇ ಇರದ 1000 ಶವಗಳ ಗ್ರಂಥಿಗಳನ್ನು ಕೊಯ್ದು ನೋಡಿದಾಗ ಐದರಲ್ಲೊಂದಕ್ಕೂ ಹೆಚ್ಚು ಗ್ರಂಥಿಗಳಲ್ಲಿ ಸಣ್ಣ ಗಡ್ಡೆಗಳಿದ್ದವು. ಗಡ್ಡೆ ಇದ್ದ ಮಾತ್ರಕ್ಕೆ ಅದೇ ಕಳ್ಳ ಎನ್ನಲಾಗದು ಎಂದಾಯಿತು. ಈ ತೊಡಕು ಎಂಆರ್‌ಐ ಬಂದ ಮೇಲೂ ಬಿಟ್ಟಿಲ್ಲ. ಅದಕ್ಕೆ ಆಮೇಲೆ ಬರೋಣ. ಕುಶಿಂಗ್ ಮಾತ್ರ ಬಹುಮಟ್ಟಿಗೆ ಸರಿಯಾಗಿದ್ದ. ಸ್ವಂತ ಗ್ರಂಥಿಯಿಂದ ಕಾರ್ಟಿಸಾಲ್ ಉಕ್ಕುವವರಲ್ಲಿ ಸುಮಾರು ಶೇ 70 ಮಂದಿಗೆ ಪಿಟ್ಯುಟರಿ ಗಡ್ಡೆಯೇ ಕಾರಣ. ಅವರಲ್ಲಿ ಹೆಂಗಸರೇ ಹೆಚ್ಚು. ಉಳಿದವರಲ್ಲಿ ಕೆಲವರಿಗೆ ಅಡ್ರಿನಲ್ಲಿನಲ್ಲೇ ಗಡ್ಡೆ. ಇನ್ನು ಕೆಲವರಿಗೆ ಶ್ವಾಸಕೋಶದಲ್ಲೋ ಥೈಮಸ್ಸಿನಲ್ಲೋ ಇರುವ ಬೇರೊಂದು ಗಡ್ಡೆ ಕದ್ದು ಎಸಿಟಿಎಚ್ ತಯಾರಿಸುತ್ತಿರುತ್ತದೆ. ಮೊದಲಿನದಕ್ಕೆ ಕುಶಿಂಗ್ ಕಾಯಿಲೆ ಎಂದೂ, ಎಲ್ಲಿಂದ ಬಂದರೂ ಒಟ್ಟು ಲಕ್ಷಣಗಳ ಗುಂಪಿಗೆ ಕುಶಿಂಗ್ ಸಿಂಡ್ರೋಮ್ ಎಂದೂ ಕರೆಯುತ್ತಾರೆ.

ಕಾಯಿಲೆ ಶುರುವಾಗಿ ಹೆಸರು ಸಿಗುವವರೆಗೆ ಸರಾಸರಿ ಮೂರು ವರ್ಷ ಹಿಡಿಯುತ್ತದೆ. ಏಕೆಂದರೆ ಇದರ ಒಂದೊಂದು ಲಕ್ಷಣವೂ ಊರಲ್ಲೆಲ್ಲ ಇರುವಂಥದ್ದೇ. ಬೊಜ್ಜು, ಬಿ.ಪಿ., ಸಕ್ಕರೆ ಕಾಯಿಲೆ, ಮುಟ್ಟಿನ ಏರುಪೇರು, ಖಿನ್ನತೆ, ನಿದ್ದೆ ಇಲ್ಲದಿರುವುದು. ರೋಗಿ ಬಿ.ಪಿ.ಗೆ ಒಬ್ಬರ ಬಳಿ, ಸಕ್ಕರೆಗೆ ಇನ್ನೊಬ್ಬರ ಬಳಿ, ಮುಟ್ಟಿಗೆ ಮತ್ತೊಬ್ಬರ ಬಳಿ ಹೋಗುತ್ತಾಳೆ. ತರುಣಿಯಾದರೆ ಪಿಸಿಓಡಿ ಎಂಬ ಚೀಟಿ ಅಂಟಿಕೊಂಡು ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ. ಊಟ ಕಡಿಮೆ ಮಾಡು, ವಾಕಿಂಗ್ ಹೋಗು ಎಂಬ ಉಪದೇಶ ಮನೆಯವರಿಂದಲೂ ಸಿಗುತ್ತದೆ. ಅನುಭವಿ ವೈದ್ಯರು ಇಲ್ಲಿ ಬೊಜ್ಜನ್ನು ಬದಿಗಿಟ್ಟು ಬೇರೆಯದನ್ನೇ ನೋಡುತ್ತಾರೆ. ಕುಕ್ಕರುಗಾಲಲ್ಲಿ ಕೂತು ಕೈ ಊರದೆ ಏಳಿ ಎನ್ನುತ್ತಾರೆ. ಕಾರ್ಟಿಸಾಲ್ ತೊಡೆ ಮತ್ತು ಹೆಗಲಿನ ಸ್ನಾಯುಗಳನ್ನು ಕರಗಿಸಿರುತ್ತದಾದ್ದರಿಂದ ಆಕೆ ಏಳಲಾರಳು. ಕೇಳಿದರೆ, ಬಚ್ಚಲುಮನೆಯಲ್ಲಿ ಗೋಡೆ ಹಿಡಿದೇ ಏಳುವುದು, ಅಟ್ಟದ ಮೇಲಿನ ಡಬ್ಬಿ ಇಳಿಸಲು ಮಗನನ್ನು ಕರೆಯುವುದು ಎಂದು ಆಗ ಬಾಯಿಬಿಡುತ್ತಾಳೆ. ಮುಂಗೈ ಚರ್ಮ ಚಿವುಟಿ ಎತ್ತಿದರೆ ಕಾಗದದಷ್ಟು ತೆಳು. ಬಳೆ ತೊಡಿಸುವಾಗ ಒತ್ತಿದ್ದಕ್ಕೆ ನೀಲಿಗಟ್ಟಿದ ಗುರುತು ವಾರವಾದರೂ ಹೋಗಿಲ್ಲ. ಹೊಟ್ಟೆ, ತೊಡೆಯ ಮೇಲಿನ ಗೆರೆಗಳು ಬಸುರಿನ ಗೆರೆಗಳ ಹಾಗೆ ಬೆಳ್ಳಗಿರದೆ ನೇರಳೆ ಬಣ್ಣಕ್ಕಿವೆ, ಒಂದು ಸೆಂಟಿಮೀಟರಿಗಿಂತ ಅಗಲ. ನಮ್ಮ ಕಂದು ಮೈಬಣ್ಣದಲ್ಲಿ ಆ ನೇರಳೆ ಬಿಳಿಯರಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಾಣದು, ಬೆಳಕಿಗೆ ತಿರುಗಿಸಿ ನೋಡಬೇಕು. ಮಕ್ಕಳಲ್ಲಿ ಗುರುತು ಇನ್ನೂ ಸುಲಭ: ಮಗು ದಪ್ಪವಾಗುತ್ತಿದೆ, ಆದರೆ ಎತ್ತರ ನಿಂತುಹೋಗಿದೆ. ಬರೀ ಊಟ ಹೆಚ್ಚಾಗಿ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ಎತ್ತರವಾಗಿಯೂ ಬೆಳೆಯುತ್ತಾರೆ.

ಇನ್ನೊಂದು ಸಾಧನ ಪ್ರತಿ ಮನೆಯಲ್ಲೂ ಇದೆ, ಹಳೆಯ ಫೋಟೊ. ಮದುವೆಯ ಆಲ್ಬಮ್, ಮೊಬೈಲಿನಲ್ಲಿ ಉಳಿದ ನಾಲ್ಕು ವರ್ಷದ ಹಿಂದಿನ ಪ್ರವಾಸದ ಚಿತ್ರ, ಅದೂ ಇಲ್ಲದಿದ್ದರೆ ಆಧಾರ್ ಕಾರ್ಡು. ದಿನವೂ ಕನ್ನಡಿ ನೋಡುವವರಿಗೆ ಕಾಣದ ಬದಲಾವಣೆ ಎರಡು ಚಿತ್ರ ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ರಾಚುತ್ತದೆ.

ಇದನ್ನು ಗುರುತಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 1952ರ ಒಂದು ವರದಿ ಸಾಕು. ಪರಿಣಾಮಕಾರಿ ಚಿಕಿತ್ಸೆ ಇಲ್ಲದ ಆ ಕಾಲದಲ್ಲಿ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಐದು ವರ್ಷದೊಳಗೆ ಸಾಯುತ್ತಿದ್ದರು. ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ, ಸೋಂಕು.

ಪರೀಕ್ಷೆಗಳ ವಿಷಯದಲ್ಲಿ ಒಂದು ತಪ್ಪು ದಿನವೂ ನಡೆಯುತ್ತದೆ. ಸಂಶಯ ಬಂದ ಕೂಡಲೇ ಬೆಳಗಿನ ಕಾರ್ಟಿಸಾಲ್ ಒಂದನ್ನು ಅಳೆಯುವುದು. ಬೆಳಗ್ಗೆ ಎಲ್ಲರಲ್ಲೂ ಅದು ಹೆಚ್ಚಿರುವುದರಿಂದ ಅತಿಯನ್ನು ಪತ್ತೆಹಚ್ಚಲು ಆ ಅಂಕಿ ನಿಷ್ಪ್ರಯೋಜಕ. ಸರಿಯಾದ ಮೂರು ಪರೀಕ್ಷೆಗಳೂ ಅಂಕೆಯನ್ನೋ ದಿನಚರಿಯನ್ನೋ ಪರೀಕ್ಷಿಸುವಂಥವು. ಮೊದಲನೆಯದಕ್ಕೆ ಖರ್ಚು ಅತಿ ಕಡಿಮೆ: ರಾತ್ರಿ 11ಕ್ಕೆ ಡೆಕ್ಸಾಮೆಥಾಸೋನ್ 0.5 ಮಿ.ಗ್ರಾಂ.ನ ಎರಡು ಮಾತ್ರೆ ನುಂಗಿ, ಬೆಳಗ್ಗೆ 8ಕ್ಕೆ ರಕ್ತ ಕೊಡುವುದು. ಆರೋಗ್ಯವಂತ ಪಿಟ್ಯುಟರಿ ಹೊರಗಿನ ಸ್ಟಿರಾಯ್ಡನ್ನು ಕಂಡು ಎಸಿಟಿಎಚ್ ನಿಲ್ಲಿಸುತ್ತದೆ, ಕಾರ್ಟಿಸಾಲ್ 1.8 ಮೈಕ್ರೊಗ್ರಾಂಗಿಂತ ಕೆಳಗಿಳಿಯುತ್ತದೆ. ಇಳಿಯದಿದ್ದರೆ ಎಲ್ಲೋ ಮಾತು ಕೇಳದವರಿದ್ದಾರೆ ಎಂದರ್ಥ. ಎರಡನೆಯದು 24 ಗಂಟೆಯ ಮೂತ್ರವನ್ನು ಒಂದು ಹನಿಯೂ ಬಿಡದೆ ಕ್ಯಾನಿನಲ್ಲಿ ಕೂಡಿಡುವುದು. ಕೆಲಸಕ್ಕೆ ಹೋಗುವವರು, ಬಸ್ಸಿನಲ್ಲಿ ಓಡಾಡುವವರು ಇದನ್ನು ಸರಿಯಾಗಿ ಮಾಡಿ ಮುಗಿಸುವುದು ಕಷ್ಟ. ಭಾನುವಾರ ಹಚ್ಚಿಕೊಳ್ಳುವುದು ಒಳ್ಳೆಯದು. ಮೂರನೆಯದು ನಡುರಾತ್ರಿ ಹತ್ತಿಯ ಸುರುಳಿಯೊಂದನ್ನು ಬಾಯಲ್ಲಿಟ್ಟು ಜೊಲ್ಲಿನಲ್ಲಿ ಕಾರ್ಟಿಸಾಲ್ ನೋಡುವುದು. ಬೆಂಗಳೂರಿನ ರಾತ್ರಿಪಾಳಿಯ ನೌಕರರಿಗೆ ಇದು ಹೊಂದದು, ಅವರ ನಡುರಾತ್ರಿಯೇ ಬೇರೆ. ಗರ್ಭನಿರೋಧಕ ಗುಳಿಗೆ ನುಂಗುವವರಲ್ಲಿ ಮೊದಲ ಪರೀಕ್ಷೆ ಸುಳ್ಳು ಹೇಳಬಹುದು. ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲೂ ಅಷ್ಟೇ. ಕುಡಿತ, ತೀವ್ರ ಖಿನ್ನತೆ, ವಿಪರೀತ ಬೊಜ್ಜು ಇವೂ ಕಾರ್ಟಿಸಾಲನ್ನು ಸ್ವಲ್ಪ ಏರಿಸಿ ದಾರಿ ತಪ್ಪಿಸುತ್ತವೆ. ಹೀಗಾಗಿ ಕನಿಷ್ಠ ಎರಡು ಪರೀಕ್ಷೆಗಳಾದರೂ ಒಂದೇ ಮಾತು ಹೇಳಬೇಕು.

ಅತಿಯಿದೆ ಎಂದು ಖಚಿತವಾದ ಮೇಲೆಯೇ ಎಲ್ಲಿಂದ ಎಂಬ ಹುಡುಕಾಟ. ಈ ಸರದಿ ತಪ್ಪಿ ಮೊದಲು ಸ್ಕ್ಯಾನ್ ಮಾಡಿಸಿದರೆ ಕಾಸ್ಟೆಲ್ಲೊ ಕಂಡ ನಿರಪಾಯಿ ಗಡ್ಡೆಗಳೆಲ್ಲ ಮೇಲೆದ್ದು ಕಾಡುತ್ತವೆ. ರಕ್ತದ ಎಸಿಟಿಎಚ್ ತಳ ಕಂಡಿದ್ದರೆ ತಪ್ಪು ಅಡ್ರಿನಲ್ಲಿನದೇ, ಸಿ.ಟಿ. ಮಾಡಿದರೆ ಗಡ್ಡೆ ಸಿಗುತ್ತದೆ. ಎಸಿಟಿಎಚ್ ಹೆಚ್ಚಿದ್ದರೆ ಪಿಟ್ಯುಟರಿಯೋ ಬೇರೆ ಕಡೆಯ ಗಡ್ಡೆಯೋ ಎಂಬ ಇಕ್ಕಟ್ಟು. ಪಿಟ್ಯುಟರಿಯ ಗಡ್ಡೆ ಎಳ್ಳುಕಾಳಿನಷ್ಟಿದ್ದರೂ ಇದ್ದೀತು. ಸುಮಾರು ಮೂರನೇ ಒಂದು ಭಾಗದ ರೋಗಿಗಳಲ್ಲಿ ಎಂಆರ್‌ಐಗೆ ಅದು ಕಾಣುವುದೇ ಇಲ್ಲ. ಆಗ ತೊಡೆಸಂದಿಯ ರಕ್ತನಾಳಗಳಿಂದ ತೆಳು ಕೊಳವೆಗಳನ್ನು ತಲೆಬುರುಡೆಯ ಬುಡದವರೆಗೆ ಏರಿಸಿ, ಪಿಟ್ಯುಟರಿಯಿಂದ ಆಗಷ್ಟೇ ಹೊರಬರುವ ರಕ್ತವನ್ನು ಎಡಬಲಗಳಿಂದ ಹಿಡಿದು, ಅದೇ ಕ್ಷಣ ತೋಳಿನ ರಕ್ತವನ್ನೂ ತೆಗೆದು ಎಸಿಟಿಎಚ್ ಹೋಲಿಸುತ್ತಾರೆ. ತಲೆಯ ರಕ್ತದಲ್ಲಿ ಎರಡು ಪಟ್ಟಾದರೂ ಹೆಚ್ಚಿದ್ದರೆ, ಉತ್ತೇಜಕ ಇಂಜೆಕ್ಷನ್ ಕೊಟ್ಟ ಮೇಲೆ ಮೂರು ಪಟ್ಟಾದರೆ, ಕಳ್ಳ ಪಿಟ್ಯುಟರಿಯಲ್ಲೇ. ಈ ಕೈಚಳಕವಿರುವ ಕೇಂದ್ರಗಳು ಕೆಲವೇ.

ಪಿಟ್ಯುಟರಿ ಗಡ್ಡೆಗೆ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆ. ಮೂಗಿನ ದಾರಿಯಿಂದ ಹೋಗಿ ತೆಗೆಯುವ ಪದ್ಧತಿಯನ್ನು ಕುಶಿಂಗ್ ಬಳಸಿ, ಆಮೇಲೆ ಕೈಬಿಟ್ಟಿದ್ದ. 1960ರ ದಶಕದಲ್ಲಿ ಮಾಂಟ್ರಿಯಲ್ಲಿನ ಜೂಲ್ಸ್ ಹಾರ್ಡಿ ಮೈಕ್ರೊಸ್ಕೋಪ್ ಹಿಡಿದು ಅದಕ್ಕೆ ಮರುಜೀವ ಕೊಟ್ಟ. ಪಳಗಿದ ಕೈಯಲ್ಲಿ ಸಣ್ಣ ಗಡ್ಡೆಗಳು ಹತ್ತರಲ್ಲಿ ಏಳೆಂಟು ಮಂದಿಯಲ್ಲಿ ಹತೋಟಿಗೆ ಬರುತ್ತವೆ, ಕೆಲವರಲ್ಲಿ ವರ್ಷಗಳ ಬಳಿಕ ಮರುಕಳಿಸುತ್ತವೆ. ಅಡ್ರಿನಲ್ ಗಡ್ಡೆಯಾದರೆ ಲ್ಯಾಪ್ರೊಸ್ಕೋಪಿಯಲ್ಲಿ ಆ ಬದಿಯ ಗ್ರಂಥಿ ತೆಗೆದರೆ ಬಹುಪಾಲು ಮುಗಿಯಿತು. ಶಸ್ತ್ರಕ್ರಿಯೆ ಸೋತಲ್ಲಿ ವಿಕಿರಣ, ಔಷಧ. ಔಷಧಗಳ ಪಟ್ಟಿ ಸ್ವಾರಸ್ಯಕರ. ತಲೆಹೊಟ್ಟಿನ ಶಾಂಪೂವಿನಲ್ಲಿರುವ ಕೀಟೊಕೊನಜೋಲನ್ನೇ ಮಾತ್ರೆಯಾಗಿ ಕೊಟ್ಟರೆ ಕಾರ್ಟಿಸಾಲ್ ತಯಾರಿಕೆ ಕುಂಠಿತವಾಗುತ್ತದೆ, ಲಿವರಿನ ಮೇಲೆ ಕಣ್ಣಿಟ್ಟಿರಬೇಕು. ಗರ್ಭಪಾತಕ್ಕೆ ಬಳಸುವ ಮಿಫೆಪ್ರಿಸ್ಟೋನ್ ಕಾರ್ಟಿಸಾಲ್ ಅಂಟಿಕೊಳ್ಳುವ ಜಾಗವನ್ನೇ ಮುಚ್ಚುತ್ತದೆ. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಓಸಿಲೊಡ್ರೊಸ್ಟಾಟ್ ಹೆಚ್ಚು ಪರಿಣಾಮಕಾರಿ, ಆದರೆ ಬೆಲೆ ಕೈಗೆಟುಕದ್ದು. ಯಾವುದೂ ಆಗದಿದ್ದರೆ ಎರಡೂ ಅಡ್ರಿನಲ್ ತೆಗೆದು ರೋಗಿಯನ್ನು ಜೀವನಪೂರ್ತಿ ಮಾತ್ರೆಯ ಮೇಲಿಡುವುದು ಕೊನೆಯ ದಾರಿ.

ಆಪರೇಷನ್ ಯಶಸ್ವಿಯಾದ ಮೇಲಿನ ದಿನಗಳ ಬಗ್ಗೆ ರೋಗಿಗೆ ಮೊದಲೇ ಹೇಳಿರಬೇಕು. ಎಷ್ಟೋ ಕಡೆ ಹೇಳುವುದಿಲ್ಲ. ಗಡ್ಡೆ ಪೂರ್ತಿ ಹೋಗಿದೆ ಎಂಬುದಕ್ಕೆ ಒಳ್ಳೆಯ ಗುರುತೆಂದರೆ ಒಂದೆರಡು ದಿನದಲ್ಲಿ ಕಾರ್ಟಿಸಾಲ್ ಪಾತಾಳಕ್ಕೆ ಇಳಿಯುವುದು. ವರ್ಷಗಟ್ಟಲೆ ಮಲಗಿದ್ದ ಉಳಿದ ಪಿಟ್ಯುಟರಿ ಏಳಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಹೈಡ್ರೊಕಾರ್ಟಿಸೋನ್ ಮಾತ್ರೆ. ಮಾತ್ರೆ ನುಂಗುತ್ತಿದ್ದರೂ ಹಿಂದಿನ ಪ್ರವಾಹಕ್ಕೆ ಒಗ್ಗಿದ್ದ ಮೈಗೆ ಅದು ಸಾಲದು. ಕೀಲುಕೀಲು ನೋವು, ವಾಕರಿಕೆ, ಹಾಸಿಗೆಯಿಂದ ಏಳಲಾಗದ ಸುಸ್ತು, ಚರ್ಮ ಸುಲಿಯುವುದು. ಆಪರೇಷನ್ನಿಂದಲೇ ಕೆಟ್ಟೆ ಎಂದು ಕಣ್ಣೀರಿಡುವ ರೋಗಿ ನಿಜಕ್ಕೂ ಗುಣವಾಗುತ್ತಿರುತ್ತಾಳೆ.

ಸಿ.ಟಿ. ಸ್ಕ್ಯಾನ್ ಮನೆಮಾತಾದ ಮೇಲೆ ಇನ್ನೊಂದು ಗುಂಪು ಹುಟ್ಟಿಕೊಂಡಿದೆ. ಹೊಟ್ಟೆನೋವಿಗೋ ಕಿಡ್ನಿ ಕಲ್ಲಿಗೋ ಸ್ಕ್ಯಾನ್ ಮಾಡಿಸಿದಾಗ ಅಡ್ರಿನಲ್ಲಿನಲ್ಲಿ ಸಣ್ಣ ಗಂಟು ಕಾಣುತ್ತದೆ. ನೂರು ಜನ ವಯಸ್ಕರಲ್ಲಿ ಮೂರರಿಂದ ಐವರಲ್ಲಿ ಇಂಥ ಗಂಟಿದೆ, ವಯಸ್ಸಾದಂತೆ ಹೆಚ್ಚು. ಬಹುಪಾಲು ಗಂಟುಗಳು ಸಾಧು. ಕೆಲವು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ತುಸುತುಸುವೇ ಕಾರ್ಟಿಸಾಲ್ ಒಸರುತ್ತವೆ. ಇವರಿಗೆ ದುಂಡು ಮುಖವಿಲ್ಲ, ನೇರಳೆ ಗೆರೆಯಿಲ್ಲ, ಬಿ.ಪಿ., ಸಕ್ಕರೆ, ಮೂಳೆ ಸವೆತ ಇರಬಹುದು. ಅವು ಗಂಟಿನಿಂದ ಬಂದವೇ, ವಯಸ್ಸಿನಿಂದ ಬಂದವೇ? ಆಪರೇಷನ್ ಮಾಡಿದರೆ ಯಾರಿಗೆ ಲಾಭ? ತಜ್ಞರಲ್ಲಿ ಈಗಲೂ ಒಮ್ಮತವಿಲ್ಲ. ವಯಸ್ಸು ಕಡಿಮೆ ಇದ್ದು ಬಿ.ಪಿ.ಯೂ ಸಕ್ಕರೆಯೂ ಬಿಗಡಾಯಿಸುತ್ತಿರುವವರಲ್ಲಿ ತೆಗೆಯುವ ಕಡೆಗೆ ಒಲವಿದೆ, ಎಂಬತ್ತರ ಹಿರಿಯರಲ್ಲಿ ಗಂಟನ್ನು ಅದರ ಪಾಡಿಗೆ ಬಿಡುವುದೇ ವಿವೇಕ. ಇದಕ್ಕೂ ರೀಲ್ಸ್‌ನಲ್ಲಿ ಓಡಾಡುವ 'ಕಾರ್ಟಿಸಾಲ್ ಫೇಸ್' ಎಂಬ ಗುಲ್ಲಿಗೂ ಯಾವ ಸಂಬಂಧವೂ ಇಲ್ಲ. ಆಫೀಸಿನ ಒತ್ತಡಕ್ಕೆ ಮುಖ ಊದಿ ಕುಶಿಂಗ್ ಆಗುವುದಿಲ್ಲ. 'ಅಡ್ರಿನಲ್ ದಣಿವು' ಎಂಬ ಕಾಯಿಲೆಯನ್ನು ಹಾರ್ಮೋನ್ ತಜ್ಞರ ಸಂಘಗಳು ಒಪ್ಪುವುದೂ ಇಲ್ಲ; ಆ ಹೆಸರಿನಲ್ಲಿ ಮಾರುವ ಡಬ್ಬಿಗಳು ಕೊಳ್ಳುವವರ ಜೇಬನ್ನಷ್ಟೇ ಹಗುರ ಮಾಡುತ್ತವೆ.

ಈಗ ಮೆಡಿಕಲ್ ಶಾಪಿಗೆ ಬರೋಣ. ಇದರ ಕಥೆ 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಶುರುವಾಗುತ್ತದೆ. ಸಂಧಿವಾತದ ರೋಗಿಗಳಿಗೆ ಕಾಮಾಲೆ ಬಂದಾಗ, ಬಸುರಿಯಾದಾಗ ನೋವು ಮಾಯವಾಗುವುದನ್ನು ಫಿಲಿಪ್ ಹೆಂಚ್ ವರ್ಷಗಳಿಂದ ಗಮನಿಸುತ್ತ ಬಂದಿದ್ದ. ಸಹೋದ್ಯೋಗಿ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ತೊಗಟೆಯಿಂದ ಬೇರ್ಪಡಿಸಿದ್ದ 'ಇ' ಎಂಬ ವಸ್ತುವನ್ನು ದನದ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ತಯಾರಿಸುವ ವಿಧಾನ ಅಷ್ಟರಲ್ಲಿ ಸಿದ್ಧವಾಗಿತ್ತು. 29 ವರ್ಷದ, ಹಾಸಿಗೆ ಹಿಡಿದ ಮಹಿಳೆಯೊಬ್ಬಳಿಗೆ ಅದನ್ನು ಚುಚ್ಚಿದರು. ಕೆಲವೇ ದಿನದಲ್ಲಿ ಆಕೆ ಎದ್ದು ನಡೆದಳು. ವಸ್ತುವಿಗೆ ಕಾರ್ಟಿಸೋನ್ ಎಂದು ಹೆಸರಾಯಿತು. ಹೆಂಚ್, ಕೆಂಡಾಲ್, ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಮೂವರಿಗೂ 1950ರಲ್ಲೇ ನೊಬೆಲ್ ಬಂತು. ಅಷ್ಟು ಹೊತ್ತಿಗಾಗಲೇ ಮೊದಲ ರೋಗಿಗಳ ಮುಖ ದುಂಡಗಾಗತೊಡಗಿತ್ತು. ಕುಶಿಂಗ್ ಇಪ್ಪತ್ತು ವರ್ಷ ಹುಡುಕಿ ಕೂಡಿಸಿದ 12 ಪ್ರಕರಣಗಳನ್ನು ಇನ್ನು ಮುಂದೆ ಯಾವ ವೈದ್ಯನಾದರೂ ಚೀಟಿ ಬರೆದೇ ಸೃಷ್ಟಿಸಬಹುದಾಗಿತ್ತು.

ಆಮೇಲೆ ಬಂದ ತದ್ರೂಪಿಗಳು ಮೂಲಕ್ಕಿಂತ ಹುರುಪಿನವು. 20 ಮಿ.ಗ್ರಾಂ. ಹೈಡ್ರೊಕಾರ್ಟಿಸೋನ್ ಮಾಡುವ ಕೆಲಸವನ್ನು 5 ಮಿ.ಗ್ರಾಂ. ಪ್ರೆಡ್ನಿಸೊಲೋನ್, 0.75 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಮಾಡಿ ಮುಗಿಸುತ್ತವೆ. ಉಬ್ಬಸ, ಸಂಧಿವಾತ, ಕಿಡ್ನಿಯ ಕೆಲವು ಕಾಯಿಲೆ, ಅಂಗಾಂಗ ಕಸಿ ಇವೆಲ್ಲದರಲ್ಲಿ ಇವು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. 2020ರ ಜೂನಿನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ, ದಿನಕ್ಕೆ 6 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಹೆಚ್ಚೆಂದರೆ 10 ದಿನ ಕೊಟ್ಟರೆ ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವು ಮೂರನೇ ಒಂದರಷ್ಟು ತಗ್ಗುತ್ತದೆ ಎಂದು ತೋರಿಸಿತು. ಆಕ್ಸಿಜನ್ ಬೇಕಿಲ್ಲದವರಿಗೆ ಅದರಿಂದ ಲಾಭವಿಲ್ಲ ಎಂದೂ ಅದೇ ಪ್ರಯೋಗ ಹೇಳಿತ್ತು. ಎರಡನೆಯ ಅಲೆಯಲ್ಲಿ ನಾವು ಮೊದಲ ಮಾತನ್ನಷ್ಟೇ ಕೇಳಿದೆವು. ವಾಟ್ಸ್ಆ್ಯಪ್ ಚೀಟಿಗಳನ್ನು ನೋಡಿ ಮನೆಯಲ್ಲೇ, ಜ್ವರದ ಮೊದಲ ದಿನವೇ, ವಾರಗಟ್ಟಲೆ ಸ್ಟಿರಾಯ್ಡ್ ನುಂಗಿದವರೆಷ್ಟೋ. 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರದ ವಾರ್ಡುಗಳು ತುಂಬಿದಾಗ ಅಲ್ಲಿದ್ದವರಲ್ಲಿ ಬಹುತೇಕರದು ಅದೇ ಜೋಡಿ ಚರಿತ್ರೆ: ಹತೋಟಿ ತಪ್ಪಿದ ಸಕ್ಕರೆ ಮತ್ತು ಸ್ಟಿರಾಯ್ಡ್.

ಕೋವಿಡ್ ಹೋಯಿತು, ಅಭ್ಯಾಸ ಹೋಗಲಿಲ್ಲ. ಹಳ್ಳಿಯ ಸಂತೆಯಲ್ಲಿ ಮಂಡಿನೋವಿಗೆ ಸಿಗುವ ಹೆಸರಿಲ್ಲದ ಪುಡಿ, ಉಬ್ಬಸಕ್ಕೆ ಹೇಳಿ ಮಾಡಿಸಿದ ಉಂಡೆ, ತೆಳ್ಳಗಿರುವ ಹುಡುಗಿಗೆ ಮೈ ಬರಲೆಂದು ಕೊಡಿಸುವ ಮಾತ್ರೆ, ಪರವಾನಗಿಯಿಲ್ಲದ ಡಾಕ್ಟರು ಕಾಗದದಲ್ಲಿ ಮಡಚಿ ಕೊಡುವ ಮೂರು ಬಣ್ಣದ ಗುಳಿಗೆಗಳು. ಮೂರರಲ್ಲಿ ಚಿಕ್ಕದು ಯಾವುದೆಂದು ನೋಡಿ. ಹಲವು ಸಲ ಅದೇ ಡೆಕ್ಸಾಮೆಥಾಸೋನ್. ನೋವು ಒಂದೇ ದಿನಕ್ಕೆ ಹೋಗುತ್ತದೆ, ಹಸಿವು ಏರುತ್ತದೆ, ಮುಖ ತುಂಬಿಕೊಳ್ಳುತ್ತದೆ. ಆರೋಗ್ಯ ಬಂತು ಎಂದು ನೆಂಟರೂ ಮೆಚ್ಚುತ್ತಾರೆ. ಸೊಂಟದ ಕೀಲಿನ ಮೂಳೆಗೆ ರಕ್ತ ನಿಂತು ಅದು ಕುಸಿಯುವುದು, ಬೆನ್ನುಮೂಳೆ ಸದ್ದಿಲ್ಲದೆ ಮುರಿಯುವುದು, ಮಲಗಿದ್ದ ಕ್ಷಯ ಏಳುವುದು ಆಮೇಲಿನ ಮಾತು.

ಮುಲಾಮಿನ ಹಾವಳಿ ಇನ್ನೂ ವ್ಯಾಪಕ. ಹುಳಕಡ್ಡಿಗೆ, ಬಂಗಿಗೆ, ಮೊಡವೆಗೆ, ಬೆಳ್ಳಗಾಗಲು, ಕೊನೆಗೆ ಹಸುಳೆಯ ಲಂಗೋಟಿ ಜಾಗದ ಗಂಧೆಗೂ ಕ್ಲೋಬೆಟಾಸಾಲ್ ಬೆರೆತ ಟ್ಯೂಬು. ತುರಿಕೆ ಅಂದೇ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಚರ್ಮದಡಿ ಹಾಯಾಗಿ ಹಬ್ಬುತ್ತದೆ. ಮುಲಾಮು ಚರ್ಮದಲ್ಲೇ ಉಳಿಯುತ್ತದೆ ಎನ್ನುವುದು ಪೂರ್ತಿ ನಿಜವಲ್ಲ. ಮಗುವಿನ ತೆಳು ಚರ್ಮ, ಸಂದಿಗಳು, ಮೇಲೆ ಕಟ್ಟಿದ ಡಯಾಪರ್, ಇಷ್ಟು ಸೇರಿದರೆ ಅದು ರಕ್ತಕ್ಕಿಳಿದು ಹಾಲುಗಲ್ಲದ ಕೂಸಿಗೂ ಕುಶಿಂಗ್ ಮುಖ ಬರಿಸಬಲ್ಲದು. ಚರ್ಮರೋಗ ತಜ್ಞರ ವರ್ಷಗಳ ಕೂಗಿನ ನಂತರ ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಚೀಟಿಯಿಲ್ಲದೆ ಮಾರುವಂತಿಲ್ಲ. ನಿಯಮ ಪುಸ್ತಕದಲ್ಲಿ ಭದ್ರವಾಗಿದೆ. ಯಾವ ಊರಿನ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಾದರೂ 'ತುರಿಕೆಗೆ ಒಂದು ಟ್ಯೂಬ್' ಎಂದು ಕೇಳಿ ನೋಡಬಹುದು.

ಇಷ್ಟೆಲ್ಲ ಓದಿ ಯಾರಾದರೂ ನಾಳೆಯೇ ಸ್ಟಿರಾಯ್ಡ್ ನಿಲ್ಲಿಸಿಬಿಟ್ಟರೆ ಅದು ಇನ್ನೂ ದೊಡ್ಡ ಅಪಾಯ. ಆರಂಭದಲ್ಲಿ ಹೇಳಿದ ಸೊನ್ನೆಯ ಕಾರ್ಟಿಸಾಲಿನವರು ಇವರೇ. ಹೊರಗಿನ ಸರಬರಾಜು ನಿಂತರೆ ಒಳಗೆ ಉತ್ಪಾದನೆಯಿಲ್ಲ. ಅತಿಯ ಮುಖ ಹೊತ್ತೇ ಕೊರತೆಗೆ ಬೀಳುತ್ತಾರೆ. ವಾಂತಿ, ಹೊಟ್ಟೆನೋವು, ಬಿ.ಪಿ. ಕುಸಿತ, ಪ್ರಜ್ಞೆ ತಪ್ಪುವುದು. ಆಗ 100 ಮಿ.ಗ್ರಾಂ. ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಮತ್ತು ಸಲೈನ್ ಜೀವ ಉಳಿಸುತ್ತವೆ. ಆದರೆ ಪುಡಿಯಲ್ಲಿ ಸ್ಟಿರಾಯ್ಡ್ ಇತ್ತೆಂದು ರೋಗಿಗೇ ಗೊತ್ತಿರದಿದ್ದರೆ ವೈದ್ಯರಿಗೆ ಹೇಳುವವರ್ಯಾರು? ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆ, ಪುಡಿ, ಟ್ಯೂಬು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗುವುದು ಹಲವು ಪರೀಕ್ಷೆಗಳಿಗಿಂತ ಬೆಲೆಯುಳ್ಳದ್ದು. ಉಬ್ಬಸದ ಇನ್‌ಹೇಲರಿನ ಬಗ್ಗೆ ಇರುವ ಭಯವನ್ನೂ ಇಲ್ಲೇ ಬಿಡಬೇಕು. ಅದರ ಪ್ರಮಾಣ ಮೈಕ್ರೊಗ್ರಾಂ ಲೆಕ್ಕದ್ದು, ವೈದ್ಯರು ಹೇಳಿದಷ್ಟೇ ಎಳೆದರೆ ಸಾಮಾನ್ಯವಾಗಿ ಈ ಗೋಳಿಲ್ಲ.

ಮೂರು ನಾಲ್ಕು ವಾರಕ್ಕಿಂತ ಕಡಿಮೆ ತೆಗೆದುಕೊಂಡವರು ಸಾಮಾನ್ಯವಾಗಿ ಹಾಗೆಯೇ ನಿಲ್ಲಿಸಬಹುದು. ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡವರಿಗೆ ವೈದ್ಯರು ಮೆಲ್ಲಮೆಲ್ಲನೆ ಇಳಿಸಿ, ದೇಹ ತಾನೇ ತಯಾರಿಸುವಷ್ಟರ ಮಟ್ಟಕ್ಕೆ, ಅಂದರೆ ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ ಸುಮಾರು 5 ಮಿ.ಗ್ರಾಂ.ಗೆ ತಂದು ನಿಲ್ಲಿಸುತ್ತಾರೆ. ಆಮೇಲೆ ಒಂದು ದಿನ ಮಾತ್ರೆ ತಡೆಹಿಡಿದು ಬೆಳಗ್ಗೆ 8ಕ್ಕೆ ರಕ್ತ. ಅತಿಯನ್ನು ಹುಡುಕಲು ಕೆಲಸಕ್ಕೆ ಬಾರದ ಆ ಬೆಳಗಿನ ಕಾರ್ಟಿಸಾಲ್ ಇಲ್ಲಿ ಕೆಲಸಕ್ಕೆ ಬರುತ್ತದೆ. 10 ಮೈಕ್ರೊಗ್ರಾಂ ದಾಟಿದ್ದರೆ ಗ್ರಂಥಿ ಎದ್ದಿದೆ, ಮಾತ್ರೆ ಬಿಡಬಹುದು. 5ಕ್ಕಿಂತ ಕೆಳಗಿದ್ದರೆ ಇನ್ನೂ ಕೆಲವು ತಿಂಗಳು ಮಾತ್ರೆ ಮುಂದುವರಿಸಿ ಮತ್ತೆ ನೋಡಬೇಕು. ನಡುವಿನವರಿಗೆ ಅದೇ ಪ್ರಮಾಣ ಮುಂದುವರಿಸಿ ಕೆಲವು ವಾರ ಬಿಟ್ಟು ಮತ್ತೆ ರಕ್ತ. ಈ ಅವಧಿಯಲ್ಲಿ ಜ್ವರ ಬಂದರೆ ಅಂದಿನ ಮಾತ್ರೆ ಎರಡು ಪಟ್ಟು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ನಿಗೆ ಆಸ್ಪತ್ರೆ.